ಲಿನಕ್ಸ್ ಹುಡುಗಿ, ವಿಂಡೋಸ್ ಪ್ರಿಂಟರ್

"ನನ್ನ ಒತ್ತಕ್ಷರಗಳನ್ನೆಲ್ಲ ಏನ್ರೀ ಮಾಡಿದ್ರಿ?"

ಮೃಣಾಲಿನಿ ಹಾಳೆಯನ್ನು ದುಷ್ಯಂತನ ಮುಖಕ್ಕೇ ಹಿಡಿದಳು. ಒತ್ತುಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ನಿಂತಿದ್ದವು.

"ನಿಮ್ಮ ಫಾಂಟ್ ಈ ಕಂಪ್ಯೂಟರಿನಲ್ಲಿಲ್ಲ. ಪಿಡಿಎಫ್ ಮಾಡಿ ಕೊಡಿ," ಅಂದ ಅವನು ತಣ್ಣಗೆ.

ಅವಳಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇನ್ನೂ ಏರಿತು.

ಲಿಯಾಂಡರ್ ಊರಿನ ವೆಂಕಟಗಿರಿ ಅಂಕಲ್ ಮನೆಯಲ್ಲಿ ಶನಿವಾರ ಬೆಳಿಗ್ಗೆ ಅವಳು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ದುಷ್ಯಂತ ಎಂಜಿನಿಯರ್, ಆ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ. ಪ್ರಿಂಟರ್ ಅಂಕಲ್‌ರ ವಿಂಡೋಸ್ ಕಂಪ್ಯೂಟರಿನದು. ಇವಳ ಲಿನಕ್ಸ್ ಲ್ಯಾಪ್‌ಟಾಪಿಗೆ ಅದು ಸೊಪ್ಪೇ ಹಾಕುತ್ತಿರಲಿಲ್ಲ.

ಹಾಗಾಗಿ ಅವಳು ಪೆನ್ ಡ್ರೈವ್ ತರೋದು, ಅವನು ಕೆಳಗಿಳಿದು ಪ್ರಿಂಟ್ ಕೊಡೋದು, ಇಬ್ಬರೂ ಕಾಫಿ ಕುಡಿಯೋದು... ಜಗಳ ಯಾವಾಗ ಹರಟೆಯಾಯಿತೋ ಗೊತ್ತಾಗಲಿಲ್ಲ. ಅವಳಂತೂ ಕ್ಲಾಸಿಗೆ ಬೇಗ ಬರತೊಡಗಿದಳು. ಟ್ರಾಫಿಕ್ ಇರಲಿಲ್ಲ ಅಂತ ಸುಳ್ಳು ಬೇರೆ!

ಅಷ್ಟರಲ್ಲಿ ಆಫೀಸಿನವರು ಮೂರು ಗಂಟೆ ಡ್ರೈವ್ ದೂರದ ಹೂಸ್ಟನ್‌ಗೆ ಶಿಫ್ಟ್ ಆಗ್ತೀರಾ, ಸೋಮವಾರ ಹೇಳಿ ಅಂದರು. ಒಳ್ಳೆ ಕೆಲಸ. ಬೇಡ ಅನ್ನೋಕೆ ಅವಳಿಗಿದ್ದ ಕಾರಣ ಒಂದೇ, ದುಷ್ಯಂತ. ಅದು ಅವನಿಗೇ ಗೊತ್ತಿರಲಿಲ್ಲ.

ಹೇಳಿಬಿಡೋಣ ಅಂತ ಬಂದರೆ, ಅವನು ಅವಳ ಲ್ಯಾಪ್‌ಟಾಪ್ ಎಳೆದುಕೊಂಡ. ಅಂಕಲ್ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಶೇರ್ ಮಾಡಿದ. ಅವಳ ಹೆಸರಲ್ಲೊಂದು ಲಾಗಿನ್ ಮಾಡಿದ. ಲಿನಕ್ಸ್‌ಗೆ ಅದರ ವಿಳಾಸ ಕೊಟ್ಟು ಡ್ರೈವರ್ ಆರಿಸಿದ. ಹಾಳೆ ಒತ್ತು ಸಮೇತ ಬಂತು.

"ಇನ್ನು ನನ್ನನ್ನ ಕಾಯಬೇಕಾಗಿಲ್ಲ," ಅಂದ.

ಓ... ನಾನು ತೊಲಗಿದರೆ ಸಾಕಾಗಿತ್ತಾ ಇವನಿಗೆ?

"ಥ್ಯಾಂಕ್ಸ್," ಅಂದು ಕ್ಲಾಸಿಗೆ ಹೋದಳು. ಮಕ್ಕಳು ಹೊರಟ ಮೇಲೆ ತಡೆಯಲಾಗದೆ ಮೆಟ್ಟಿಲು ಹತ್ತಿ ಅವನ ಬಾಗಿಲು ತಟ್ಟಿದಳು.

"ಅಷ್ಟು ತೊಂದರೆ ಆಗಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು."

"ತೊಂದರೆನಾ?" ಅವನು ತಬ್ಬಿಬ್ಬಾದ. "ಏನಾದ್ರೂ ಅರ್ಥವಾಗದಿದ್ರೆ ಒಂದೊಂದೇ ಕಾರಣ ತೆಗೆದು ನೋಡ್ತೀವಲ್ಲ... ನೀವು ಬೇಗ ಬರೋದು ಪ್ರಿಂಟರಿಗೋ, ನನಗೋಸ್ಕರಾನೋ ಅಂತ ತಿಳೀಬೇಕಿತ್ತು. ಅದಕ್ಕೇ ಪ್ರಿಂಟರ್ ಸರಿ ಮಾಡಿಬಿಟ್ಟೆ."

"ಕೇಳಿದ್ರೆ ಆಗ್ತಿರಲಿಲ್ವಾ?"

"ಧೈರ್ಯ ಇರಲಿಲ್ಲ."

ಎಂಜಿನಿಯರನಿಗೆ ಪ್ರೀತಿ ಬಂದರೆ ಇಷ್ಟೇ ಕಣ್ರೀ, ಹೃದಯಕ್ಕೂ ಟೆಸ್ಟಿಂಗ್.

"ಹೂಸ್ಟನ್‌ಗೆ ಕರೀತಿದ್ದಾರೆ. ಸೋಮವಾರ ಉತ್ತರ ಕೊಡಬೇಕು," ಅಂದಳು.

ಅವನ ಮುಖ ಬಾಡಿತು.

"ಕೆಲಸ ಒಳ್ಳೇದಾ?"

"ತುಂಬಾ."

"ಹಾಗಾದ್ರೆ ಹೋಗಿ. ನಾನು ಶುಕ್ರವಾರ ಸಂಜೆ ಡ್ರೈವ್ ಮಾಡ್ಕೊಂಡು ಬರ್ತೀನಿ. ನಿಮ್ಮನ್ನ ನೋಡದೆ ಇರೋಕೆ ನನ್ನಿಂದ ಆಗಲ್ಲ."

ಅವಳ ಕಣ್ಣು ತುಂಬಿತು. ಆ ಕೆಲಸ ಬೇಡ ಅನ್ನೋಕೆ ಇನ್ನು ಕಾರಣವೇ ಇರಲಿಲ್ಲ.

"ವಾರ ವಾರಾನಾ?"

"ವಾರ ವಾರಾನೂ."

"ಎಷ್ಟು ಹೊತ್ತಾದ್ರೂ ಊಟಕ್ಕೆ ಕಾಯ್ತೀನಿ," ಅಂದಳು ಮೃಣಾಲಿನಿ.