ಕದಲಿದರೆ ಹತ್ತುವ ದೀಪ

ಕದಲಿದರೆ ಸತ್ತೆ!

ಉತ್ಪ್ರೇಕ್ಷೆಯಲ್ಲ ಸಾರ್. ಕದಲಿದರೆ ತಲೆಯ ಮೇಲಿನ ಬಲ್ಬು ಹತ್ತುತ್ತಿತ್ತು. ಹತ್ತಿದರೆ, ಹಾಲ್‌ನಲ್ಲಿ ಮಚ್ಚು ಹಿಡಿದು ನಿಂತಿದ್ದ ಅಶ್ವತ್ಥನಿಗೆ ನಾನು ಕಾಣುತ್ತಿದ್ದೆ.

ಪ್ಯಾಸೇಜಿನ ಬೀರುವಿನ ಪಕ್ಕ ಉಸಿರು ಹಿಡಿದು ನಿಂತಿದ್ದೆ. ಮಂಡಿ ಸಿಡಿಯುತ್ತಿತ್ತು. ಪೊಲೀಸ್ ಕೆಲಸ ಬಿಟ್ಟರೂ ನೋವು ನನ್ನನ್ನು ಬಿಟ್ಟಿರಲಿಲ್ಲ...

ನಾನು ಅಶೋಕಪುರಂನ ಮಹದೇವಯ್ಯ. ನಜರ್‌ಬಾದಿನ ಆ ಮನೆಗೆ ಕಾವಲು. ಲಷ್ಕರ್ ಮೊಹಲ್ಲಾದಲ್ಲಿ ಅಶ್ವತ್ಥ ಅಂಗಡಿಯವನೊಬ್ಬನನ್ನು ಕಡಿದದ್ದನ್ನು ಮನೆಯ ಯಜಮಾನ ಚನ್ನಬಸವಯ್ಯ ಕಣ್ಣಾರೆ ಕಂಡಿದ್ದರು. ಅಶ್ವತ್ಥ ಜಾಮೀನಿನ ಮೇಲೆ ಹೊರಗಿದ್ದ. ಮರುದಿನ ಕೋರ್ಟಿನಲ್ಲಿ ಸಾಕ್ಷಿ. ಅಲ್ಲಿಯವರೆಗೆ ಅವರು ಬದುಕಿರಬೇಕು.

ಅಷ್ಟೇ ನನ್ನ ಕೆಲಸ!

ಇದು ಎರಡು ಸಾವಿರದ ನಾಲ್ಕರ ಮಾತು. ಸ್ವಿಚ್ ತಡಕಾಡುತ್ತ ಯಜಮಾನರ ಹೆಂಡತಿ ಗಿರಿಜಾಂಬಾ ಒಮ್ಮೆ ಬಿದ್ದರೆಂದು, ಮಗ ಅಮರೇಶ್ ಮನೆಗೆಲ್ಲ ಸೆನ್ಸರ್ ಹಾಕಿಸಿದ್ದ. ಮನುಷ್ಯ ಅಲ್ಲಾಡಿದರೆ ಬೆಳಕು. ಅಲ್ಲಾಡದಿದ್ದರೆ ಕತ್ತಲೆ. ಅಪ್ಪನ ಶಾಲಿಗೆ ಬೆಂಕಿ ತಗುಲೀತೆಂದು ಪೂಜೆಮನೆಯ ಎಣ್ಣೆದೀಪವನ್ನೂ ತೆಗೆಸಿ, ಅಲ್ಲೂ ಅದನ್ನೇ ಹಾಕಿಸಿದ್ದ. ತಾಯಿಯಂಥದೇ ಮನಸ್ಸು. ನನ್ನ ಮಂಡಿ ಕಂಡು, ಕೇಳದೆಯೇ ಕುರ್ಚಿಗೆ ದಿಂಬು ತಂದಿಟ್ಟ ಹೆಂಗಸು ಆಕೆ.

ಈಗ ಆಕೆ ಮಚ್ಚಿನ ಮುಂದೆ ನಿಂತಿದ್ದರು.

“ಅಜ್ಜೀ, ಯಜಮಾನ್ರೆಲ್ಲಿ?”

“ಲಿಂಗಪೂಜೆಗೆ ಕೂತವ್ರೆ ಕಣಪ್ಪಾ.”

ಅಯ್ಯೋ ತಾಯೀ! ಸುಳ್ಳು ಹೇಳಿ ಅಭ್ಯಾಸವೇ ಇಲ್ಲ!

ಅಶ್ವತ್ಥ ಪೂಜೆಮನೆಯ ಬಾಗಿಲ ಮೇಲಿನ ಗಾಜು ನೋಡಿದ. ಕಗ್ಗತ್ತಲೆ.

“ಯಾರ್ಗೆ ಕತೆ ಕಟ್ತೀಯ? ಒಳಗೆ ಜನ ಇದ್ರೆ ಲೈಟ್ ಹತ್ತತ್ತೆ ಅಂತ ನಿನ್ ಮಗಾನೇ ಬೀದಿಗೆಲ್ಲ ಟಾಂಟಾಂ ಹೊಡ್ದವ್ನೆ!”

ಅವನಿಗೆ ಗೊತ್ತಿಲ್ಲದ್ದು ಒಂದೇ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಧ್ಯಾನಕ್ಕಿಳಿದರೆ ಚನ್ನಬಸವಯ್ಯ ಅಲ್ಲಾಡುವವರಲ್ಲ. ಸೆನ್ಸರ್ ಪಾಲಿಗೆ ಕಲ್ಲು! ದಿನಾ ಅವರು ಕೂತ ಸ್ವಲ್ಪ ಹೊತ್ತಿಗೇ ದೀಪ ಆರುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಆದರೂ ಅಶ್ವತ್ಥ ಅನುಮಾನದ ಪ್ರಾಣಿ. ಅವನ ಕೈ ಬಾಗಿಲ ಕಡೆ ಹೋಯಿತು.

ನಾನೇ ಬೇಕೆಂದು ಕದಲಿದೆ!

ಬಲ್ಬು ಹತ್ತಿತು.

“ಓಹೋ... ಇಲ್ಲೊಬ್ಬ ಅವ್ನೆ!”

ಓಡಿದೆ. ಊಟದ ಮನೆ, ಉಗ್ರಾಣ... ಕಾಲಿಟ್ಟಲ್ಲೆಲ್ಲ ಬೆಳಕು! ಚಾಡಿಕೋರ ದೀಪಗಳು! ಬೆನ್ನ ಹಿಂದೆ ಮಚ್ಚು ಗೋಡೆಗೆ ಬಡಿದು ಗಾರೆ ಉದುರಿತು. ಬಚ್ಚಲುಮನೆಗೆ ನುಗ್ಗಿದೆ. ಅದರ ಹಿತ್ತಲ ಬಾಗಿಲಿಂದ ಹೊರಬಿದ್ದು ಚಿಲಕ ಜಡಿದೆ. ಅವನು ಬಚ್ಚಲಿಗೆ ನುಗ್ಗಿದ್ದಷ್ಟೇ... ಒಳಮನೆಯ ಕಡೆಯ ಬಾಗಿಲಿಗೂ ಚಿಲಕ ಬಿತ್ತು. ಟಕ್!

ಗಿರಿಜಾಂಬಾ!

ಒದ್ದ. ಬೈದ. ಸುಸ್ತಾದ. ಸುಮ್ಮನಾದೊಡನೆ ಬಚ್ಚಲು ಕತ್ತಲಾಯಿತು.

“ಬೆಳಕು ಬೇಕಂದ್ರೆ ಕೈ ಆಡಿಸ್ತಿರಪ್ಪಾ,” ಎಂದರು ಆಕೆ, ಹೊರಗಿನಿಂದ.

ಫೋನ್ ಮಾಡಿದೆ. ಪೊಲೀಸರು ಬಂದು ಮಚ್ಚು ಕಿತ್ತುಕೊಂಡು, ಅವನ ಕೈಗಳನ್ನು ಹಿಂದಕ್ಕೆ ಕಟ್ಟಿ ಕೋಳ ಹಾಕಿದರು. ಆಗ ಪೂಜೆಮನೆಯ ಬಾಗಿಲು ತೆರೆಯಿತು. ಹಣೆತುಂಬ ವಿಭೂತಿ.

“ಏನ್ರೀ ಗದ್ದಲ?”

ಹೇಳಿದೆವು.

“ನಾಳೆ ಬಾಯ್ ಬುಟ್ಟೀಯೋ, ನೋಡ್ಕೋತೀನಿ ಮುದ್ಕಾ!” ಎಂದ ಅಶ್ವತ್ಥ.

“ನೋಡ್ಕೊಳೋವಂತೆ. ಕಂಡದ್ದು ಹೇಳೇ ಹೇಳ್ತೀನಿ.” ಚನ್ನಬಸವಯ್ಯ ಹೆಂಡತಿಯತ್ತ ತಿರುಗಿದರು. “ಪೂಜೆ ಆಯ್ತು ಕಣೇ. ಮನೇಲಿರೋರ್ಯಾರೂ ಉಣ್ದೇ ಹೋಗೋ ಹಂಗಿಲ್ಲ. ತಟ್ಟೆ ಹಾಕು.”

“ಸ್ವಾಮೀ, ಇವನು ಕೊಲೆಗಾರ!” ಎಂದರು ಇನ್ಸ್‌ಪೆಕ್ಟರ್.

“ಹಸಿವು ಹಸಿವೇ ಕಣ್ರೀ. ನೀವೂ ಕೂತ್ಕೊಳಿ.”

ಕೋಳ ಬಿಚ್ಚಲು ಇನ್ಸ್‌ಪೆಕ್ಟರ್ ಸುತರಾಂ ಒಪ್ಪಲಿಲ್ಲ. ಗಿರಿಜಾಂಬಾ ಸಾರನ್ನ ಕಲಸಿ, ತಟ್ಟೆ ನನ್ನ ಕೈಗಿಟ್ಟರು. “ಮಾದೇವಯ್ಯ, ನೀವೇ ಒಂದೆರಡು ತುತ್ತು ಇಡಿ. ಪಾಪ, ಕೈ ಕಟ್ಟವ್ರೆ.”

ಸುಸ್ತಾಗಿದ್ದೆ ಸಾರ್. ವಾದಿಸಲು ತ್ರಾಣವಿರಲಿಲ್ಲ. ಇಟ್ಟೆ.

ಮರುದಿನ ಚನ್ನಬಸವಯ್ಯ ಕೋರ್ಟಿಗೆ ಹೋಗಿ ಕಂಡದ್ದೆಲ್ಲ ಹೇಳಿದರು. ಅಶ್ವತ್ಥ ಜೈಲಿಗೆ ಹೋದ.

ನಾನು ಆಸ್ಪತ್ರೆಗೆ ಹೋದೆ... ಮಚ್ಚಿಗೆ ಸಿಗದ ಬೆರಳನ್ನು, ಎರಡನೇ ತುತ್ತಿಗೆ ಕಚ್ಚಿಬಿಟ್ಟಿದ್ದ ಬಡ್ಡೀಮಗ!