ನಡುಗುವ ಕೈಗೊಂದು ತೋಳು

ಅಪ್ಪನ ಕೈ ಇನ್ನೆಂದೂ ನಡುಗದಂತೆ ಮಾಡುತ್ತೇನೆಂದು ಕಾಳಿಕಾ ಮಾತು ಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಈಗ, 2057ರ ಒಂದು ಬೆಳಿಗ್ಗೆ, ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ, ಅವಳು ರೂಪಿಸಿದ ಬೂದುಬಣ್ಣದ ಬಟ್ಟೆಯ ತೋಳು ತೊಟ್ಟ ಆ ಕೈ ಅಲ್ಯೂಮಿನಿಯಂ ಪೈಪಿನ ಮೇಲೆ ಕಲ್ಲಿನಂತೆ ನಿಂತಿತ್ತು. ತೋಳಿನ ನೇಯ್ಗೆಯಲ್ಲಿ ಕೂದಲೆಳೆಯಂಥ ತಂತಿಗಳು. ಕೈಯ ನಡುಕವನ್ನು ಅವು ಸೆಕೆಂಡಿಗೆ ಸಾವಿರ ಸಲ ಅಳೆದು, ಅಷ್ಟೇ ಬಲದಿಂದ ಎದುರು ದಿಕ್ಕಿಗೆ ಎಳೆಯುತ್ತಿದ್ದವು.

ಆದರೂ ಪೈಪಿಗೆ ತೂತು ಬಿತ್ತು.

ಮೂರು ಅವಕಾಶಗಳಲ್ಲಿ ಎರಡು ಮುಗಿದಿದ್ದವು. ದ್ರವ ಹೈಡ್ರೋಜನ್ ಹರಿಯುವ ಪೈಪುಗಳ ಬೆಸುಗೆ ಪರೀಕ್ಷೆ ಅದು. ಪಾಸಾದರೆ ಮಾತ್ರ ಅಪ್ಪ ಮೌನೇಶಪ್ಪ ಸ್ಟೋರಿನಲ್ಲಿ ಸಾಮಾನು ಹಂಚುವುದನ್ನು ಬಿಟ್ಟು ಮತ್ತೆ ಬೆಸುಗೆಯ ಟಾರ್ಚ್ ಹಿಡಿಯಬಹುದಿತ್ತು. ಮಗಳು ತೋಳು ಹೊಲಿದಾಳ, ಪೂರಾ ಅಂಗಿನ ಹೊಲಿಸ್ಕೋರಿ ಎಂದು ಸ್ಟೋರಿನವರು ಆಗಲೇ ಚುಡಾಯಿಸಿದ್ದರು.

ಕಾಳಿಕಾ ಪರದೆಯ ಮೇಲಿನ ಅಂಕಿ ನೋಡಿದಳು. ನಡುಕ ಸೊನ್ನೆ. ಅಪ್ಪನ ಕಣ್ಣೇ ತಪ್ಪಿರಬೇಕು ಎಂದಳು.

"ಕಣ್ಣು ಸುದ್ದ ಅದಾವ," ಎಂದು ಮೌನೇಶಪ್ಪ ಮುಖಕವಚ ತೆಗೆದಿಟ್ಟ. "ಯಾರೋ ನನ್ನ ಕೈ ಹಿಡಕೊಂಡು ಕುಂತಂಗ ಆಗತೈತಿ."

ಕಬ್ಬಿಣ ಕರಗುವ ಮೊದಲು ಕೆಂಪಾಗಿ ಎಚ್ಚರಿಸುತ್ತದೆ; ಅಲ್ಯೂಮಿನಿಯಂ ಹಾಗಲ್ಲ ಎಂದು ಅವನು ಬಿಡಿಸಿ ಹೇಳಿದ. ಕರಗಿದ ಜಾಗ ಕನ್ನಡಿಯಂತೆ ಹೊಳೆಯುತ್ತದೆ, ಮರುಗಳಿಗೆ ಕುಸಿಯುತ್ತದೆ. ಆ ನಡುವೆ ಕೈ ಒಂದೆಳೆ ಹಿಂದೆ ಸರಿಯಬೇಕು.

"ಅದನ್ನ ನಾ ಮಾಡೂದಲ್ಲವ್ವಾ, ಕೈನ ಮಾಡತೈತಿ. ನಿನ್ನ ತೋಳು ಅದನ್ನೂ ನಡುಕ ಅಂತ ತಿಳಕೊಂಡು ಹಿಡದುಬಿಡತೈತಿ."

ಕಾಳಿಕಾ ದಾಖಲೆ ತೆರೆದಳು. ತೂತು ಬೀಳುವ ಮುಂಚೆ ಕೈ ಹಿಂದೆ ಸರಿಯಲು ಹೊರಟ ಸಣ್ಣದೊಂದು ಎಳೆತ ಇತ್ತು. ತೋಳು ಅದನ್ನು ನುಂಗಿತ್ತು. ನಡುಕ, ಎಳೆತ ಎರಡರ ವೇಗವೂ ಒಂದೇ. ಅಷ್ಟು ಚಿಕ್ಕ ಗಳಿಗೆಯಲ್ಲಿ ಎರಡನ್ನೂ ಬೇರ್ಪಡಿಸುವ ಲೆಕ್ಕಕ್ಕಾಗಿ ಅವಳು ಮೂರು ವಾರ ಒದ್ದಾಡಿದಳು. ಸಿಗಲಿಲ್ಲ. ನಾಲ್ಕನೆಯ ವಾರ ಕತ್ತರಿ ತಂದು ಮುಂಗೈಯಿಂದ ಕೆಳಗಿನ ಭಾಗವನ್ನು ಕತ್ತರಿಸಿಹಾಕಿ, ನಡುಕ ತಡೆಯುವ ಲೆಕ್ಕವನ್ನೇ ಅಳಿಸಿದಳು. ಉಳಿದ ತೋಳಿನ ಕೆಲಸ ಇಷ್ಟೇ: ಭುಜ, ಮೊಣಕೈ ಮತ್ತು ಟಾರ್ಚಿನ ಕೇಬಲ್ಲಿನ ಭಾರ ಹೊತ್ತು, ಕೈ ದಣಿಯದಂತೆ ನೋಡಿಕೊಳ್ಳುವುದು.

ಕೊನೆಯ ಪರೀಕ್ಷೆಯ ದಿನ ಮೌನೇಶಪ್ಪ ಸ್ಟೂಲನ್ನು ಎರಡು ಸಲ ಏರಿಸಿ ಇಳಿಸಿದ. ಕಿರುಬೆರಳನ್ನು ಪೈಪಿಗೆ ಆನಿಸಿದ. ಟಾರ್ಚ್ ಹೊತ್ತಿಸದೆಯೇ ಪೈಪಿನ ಸುತ್ತ ಕೈಯಾಡಿಸಿ, ಮೊಣಕೈ ಎಲ್ಲಿ ತಡೆಯುತ್ತದೆಂದು ನೋಡಿಕೊಂಡ. ಪರೀಕ್ಷಕರು ಗಡಿಯಾರ ನೋಡತೊಡಗಿದರು.

"ಅವಸರ ಮಾಡಬ್ಯಾಡ್ರಿ ಸರ್," ಎಂದಳು ಕಾಳಿಕಾ. "ಮೈ ಹದಕ್ಕ ಬರೂತನಕ ನಮ್ಮಪ್ಪ ಬೆಂಕಿ ಹಚ್ಚೂದಿಲ್ಲ."

ಬೆಳಕು ಚಿಮ್ಮಿತು. ಕೈ ನಡುಗುತ್ತಲೇ ಸಾಗಿತು. ಎರಡು ಕಡೆ ತಟಕ್ಕನೆ ಹಿಂದೆ ಸರಿದು ಮತ್ತೆ ಮುಂದುವರಿಯಿತು. ಎಕ್ಸ್‌ರೇಯಲ್ಲಿ ಬಿರುಕಿಲ್ಲ, ಗುಳ್ಳೆಯಿಲ್ಲ. ಬೆಸುಗೆ ಪಾಸಾಯಿತು.

ಆ ಅರ್ಧ ತೋಳು ಮುಂದೆ ಊರೂರಿನ ಕಾರ್ಖಾನೆಗಳಿಗೆ ಹೋಯಿತು. ಅರವತ್ತು ದಾಟಿದವರು ಸಾಲುಸಾಲಾಗಿ ಕೆಲಸಕ್ಕೆ ಮರಳಿದರು. ಆದರೆ ಕೈಯಲ್ಲಿ ಯಾವುದು ದೋಷ, ಯಾವುದು ಅರಿವು ಎಂದು ಕೇಳದೆ ಎರಡನ್ನೂ ಒರೆಸಿಹಾಕುವ ಯಂತ್ರಗಳ ಕಾಲ ದೂರವೇನಿಲ್ಲ. ಅವುಗಳ ನಕ್ಷೆ ಈ ಕಥೆ ಓದುತ್ತಿರುವ ಇವತ್ತೇ ನಮ್ಮ ಮೇಜಿನ ಮೇಲಿದೆ.

ಮೌನೇಶಪ್ಪನ ಕೈ ಈಗಲೂ ನಡುಗುತ್ತದೆ. ಕಾಳಿಕಾ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.