ಹದಿನೈದಕ್ಕೆ ಹದಿನೈದು

"ಅಕ್ಕೋರ, ಇದು ಹದಿನೈದು ಏನ್ರಿ?"

ಲೆಕ್ಕದ ಮಾಸ್ತರ ರೇವಪ್ಪ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ.

"ಹೌದ್ರಿ," ಅಂದಳು ಸಾವಿತ್ರೆವ್ವ.

"ಹದಿನೈದು ಮಂದೀನೂ ಪಾಸ್?"

"ಏಳನೇ ಇಯತ್ತೆದಾಗ ಇರೋರು ಹದಿನೈದ ಮಂದಿ. ಹದಿನಾರು ಬರಿಯಾಕ ಬರೂದಿಲ್ಲಲ್ರಿ."

ಹೆಡ್ ಮಾಸ್ತರ ಶಿವಯೋಗೆಪ್ಪನವರು ಎಲೆ ಮಡಿಚುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕರು.

ಅದು ೧೯೫೩ರ ದಸರೆಯ ಮುಂಚಿನ ಮಾತು. ಜತ್ತ ತಾಲೂಕಿನ ಉಮದಿಯ ಕನ್ನಡ ಸಾಲೆಯಿಂದ ಹಿಂದಿನ ವರ್ಷ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂತವರು ಹನ್ನೆರಡು, ಪಾಸಾದವರು ನಾಲ್ಕು. ಶಿಕ್ಷಣ ಖಾತೆಯ ಕಚೇರಿಯಿಂದ ಖಡಕ್ ಪತ್ರ ಬಂದಿತ್ತು: ಈ ವರ್ಷ ಎಷ್ಟು ಮಕ್ಕಳನ್ನು ಪಾಸು ಮಾಡಿಸುತ್ತೀರಿ ಎಂದು ಮೊದಲೇ ಗುರಿ ಬರೆದು ಸಹಿ ಮಾಡಿ ಕಳಿಸಬೇಕು. ಗುರಿ ಮುಟ್ಟದಿದ್ದರೆ ಸಹಿ ಮಾಡಿದವರಿಗೆ ಬೇರೆ ಊರಿಗೆ ಬದಲಿ ಖಂಡಿತ.

ಸಾವಿತ್ರೆವ್ವ ವಿಜಾಪುರದಲ್ಲಿ ಟ್ರೇನಿಂಗ್ ಮುಗಿಸಿ ಬಂದು ನಾಲ್ಕೇ ತಿಂಗಳು. ಇದೇ ಊರಲ್ಲಿ ಚಿಗವ್ವ ಭಾಗವ್ವನ ಮನೆಯಲ್ಲಿದ್ದಳು. ಮಕ್ಕಳು ಹೆಸರು ಹಿಡಿದು ಕೂಗುವ, ಬೀದಿಯವರು ನಿಂತು ಮಾತಾಡಿಸುವ ಈ ಊರು ಅವಳಿಗೆ ಹಿಡಿಸಿತ್ತು. ಬಿಟ್ಟು ಹೋಗುವ ಮನಸ್ಸು ಚೂರೂ ಇರಲಿಲ್ಲ. ಆದರೂ ಹದಿನೈದು ಎಂದು ಬರೆದಿದ್ದಳು.

ರೇವಪ್ಪ ಬರೆದದ್ದು ಒಂಬತ್ತು.

"ಬೀರದೇವನ ಮಗಳು, ಆಕೀ ಜೋಡಿ ಇನ್ನಿಬ್ಬರು, ದೀಪಾವಳಿ ಆಗೂದ ತಡಾ ಕುರಿ ಸಂಗಾಟ ಹೊಳಿದಂಡಿಗಿ ಹೊಂಡ್ತಾರ್ರಿ," ಅಂದ ಅವನು. "ತಿರುಗಿ ಬರೂದು ಮಳಿಗಾಲಕ್ಕ. ಪರೀಕ್ಷಾ ಏಪ್ರಿಲ್‌ದಾಗ. ಇನ್ನ ಮೂವರಿಗಿ ಲೆಕ್ಕ ಅಂದ್ರ ಜ್ವರಾ ಬರ್ತಾವ."

"ಹಂಗಾದ್ರ ಆ ಆರು ಮಂದೀನ ಕರೀತೀನಿ. ಅವರ ಮುಂದ ನಿಂತು, ನೀವು ಪಾಸಾಗೂದಿಲ್ಲ ಅಂತ ಹೆಸರು ಹಿಡದು ಹೇಳ್ರಿ ನೋಡೂಣು."

ಅವಳ ಕಣ್ಣು ಸಿಟ್ಟಿನಲ್ಲಿ ಇನ್ನಷ್ಟು ಅಗಲವಾಗಿತ್ತು. ರೇವಪ್ಪ ಆ ಕಣ್ಣನ್ನೇ ನೋಡಿ, ಕಾಗದವನ್ನು ಮೇಜಿನ ಮೇಲಿಟ್ಟ.

"ಒಂದು ಸಾಲೀಗಿ ಎರಡು ಗುರಿ ಕಳಸಾಕ ಆಗೂದಿಲ್ಲ," ಅಂದರು ಹೆಡ್ ಮಾಸ್ತರರು. "ನಾಳೆ ಮುಂಜಾನಿತನಕ ಒಂದ ಮಾಡ್ರಿ."

ಮರುದಿನ ನೋಡಿದರೆ ಒಂಬತ್ತನ್ನು ಹೊಡೆದುಹಾಕಿ, ಅವಳ ಸಹಿಯ ಕೆಳಗೆ ಅವನೂ ಸಹಿ ಮಾಡಿದ್ದ.

"ಯಾಕ್ರಿ ಮಾಸ್ತರ?"

"ಆರು ಮಂದಿ ಹೆಸರು ಹುಡಕಿದ್ನಿ. ಸಿಗಲಿಲ್ರಿ."

ಅಷ್ಟೇ ಹೇಳಿ ಅವನು ಹಜೇರಿ ಪುಸ್ತಕ ತೆಗೆದುಕೊಂಡು ಹೋದ. ಸಾವಿತ್ರೆವ್ವ ಆ ಸಹಿಯನ್ನು ನೋಡುತ್ತ ನಿಂತಳು. ಅಕ್ಷರ ಅಷ್ಟೇನೂ ಚೆಂದ ಇರಲಿಲ್ಲ. ಕಣ್ಣು ಕೀಳಲು ಮಾತ್ರ ಆಗಲಿಲ್ಲ.

ಅಲ್ಲಿಂದ ಮುಂದೆ ಸಾಲೆಗೆ ಬೇರೆಯದೇ ಜೀವ ಬಂತು. ಬೆಳಗಿನ ಗಂಟೆಗೆ ಮೊದಲೇ ರೇವಪ್ಪನ ಲೆಕ್ಕ, ಮಧ್ಯಾಹ್ನ ಸಾವಿತ್ರೆವ್ವನ ಶುದ್ಧಲೇಖನ. ಗೋಡೆಯ ಮೇಲೆ ಹದಿನೈದು ಹೆಸರು, ಪ್ರತಿ ಶನಿವಾರ ಹೊಸ ಗುಣ, ಅಂದರೆ ಅಂಕ. ಯಾರದಾದರೂ ಇಳಿದರೆ ಅವಳು ಅವನತ್ತ ನೋಡುವಳು. ಅವನು ಬೋರ್ಡಿನತ್ತ ನೋಡುವನು. ಏರಿದರೆ ಇಬ್ಬರೂ ಒಟ್ಟಿಗೇ ತಿರುಗಿ, ಕಣ್ಣು ಕೂಡಿ, ಇಬ್ಬರೂ ಒಟ್ಟಿಗೇ ಕೆಮ್ಮುವರು.

"ಮಾಸ್ತರಿಗೂ ನೆಗಡಿ, ಅಕ್ಕೋರಿಗೂ ನೆಗಡಿ," ಎಂದು ಬೀರದೇವನ ಮಗಳು ಚನ್ನವ್ವ ಒಮ್ಮೆ ಹಿಂದಿನ ಸಾಲಿಗೆ ಕೇಳುವಂತೆ ಹೇಳಿದಳು. ಅವಳಿಗೆ ಆ ದಿನ ಹದಿನೇಳರ ಮಗ್ಗಿ ಎರಡು ಸಲ ಹೇಳುವ ಶಿಕ್ಷೆಯಾಯಿತು. ತಪ್ಪಿಲ್ಲದೆ ಹೇಳಿದಳು ಕೂಡ.

ದೀಪಾವಳಿ ಹತ್ತಿರ ಬಂತು. ಸಂಜೆಯಾದರೆ ರೇವಪ್ಪ ಕೈಗೇ ಸಿಗದಾದ.

"ಏ ಸಾವಿತ್ರಿ, ಕೇಳಿದೇನ?" ಭಾಗವ್ವ ರೊಟ್ಟಿ ಬಡಿಯುತ್ತಲೇ ಸುದ್ದಿ ತೆಗೆದಳು. "ನಿಮ್ಮ ಮಾಸ್ತರ ನಿನ್ನಿ ಅಣ್ಣಾರಾಯರ ಮನ್ಯಾಗ ಚುರಮುರಿ ತಿಂದಾನ. ಮೊನ್ನಿ ಧೂಳಪ್ಪನ ಮನ್ಯಾಗ. ಅದರ ಮೊದಲ ಶಿದ್ರಾಯನ ಮನ್ಯಾಗ. ತೊಳದ ಧೋತರ, ತಲಿಗಿ ಎಣ್ಣಿ! ಮೂರೂ ಮನ್ಯಾಗ ಲಗ್ನಕ್ಕ ಬಂದ ಹುಡಗ್ಯಾರು ಅದಾರ."

ಲಗ್ನವಾಗದ ಗಂಡು ತೊಳೆದ ಧೋತರ ಉಟ್ಟು ಮನೆಮನೆಗೆ ಹೋದರೆ ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ: ಕನ್ಯೆ ನೋಡಲು ಹೊರಟಿದ್ದಾನೆ. ಅದಕ್ಕೆ ಸಾಕ್ಷಿ ಬೇಕಿಲ್ಲ, ಚುರಮುರಿಯೇ ಸಾಕು.

"ತಿನ್ನಲಿ ಬಿಡ ಚಿಗವ್ವಾ, ನನಗೇನು," ಅಂದಳು ಸಾವಿತ್ರೆವ್ವ. ಮುಂದಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು.

ಮರುದಿನ ಸಾಲೆಯಲ್ಲಿ ಕೇಳಿಯೇಬಿಟ್ಟಳು. "ಅಣ್ಣಾರಾಯರ ಮನಿ ಚುರಮುರಿ ಹೆಂಗಿತ್ರಿ?"

"ಖಾರ ಭಾಳ ಆಗಿತ್ರಿ."

"ಮಾಡಿದಾಕಿ?"

"ಮಾಡಿದಾಕೀನ ಎಲ್ಲಿ ನೋಡ್ಲಿ? ನಾ ಅವರ ಹೊಲಾ ನೋಡಾಕ ಹೋಗಿದ್ನಿ."

ಹೊಲ! ಹುಡುಗಿಯನ್ನೂ ಬಿಟ್ಟು ಆಸ್ತಿ ನೋಡುವ ಗಂಡು! ಸಾವಿತ್ರೆವ್ವ ಸುಣ್ಣದ ಬಳಪವನ್ನು ಮೇಜಿನ ಮೇಲೆ ಕುಕ್ಕಿ ಹೊರಟಳು. ರೇವಪ್ಪ ಏನು ತಪ್ಪಾಯಿತೆಂದು ತಿಳಿಯದೆ ಬಾಗಿಲನ್ನೇ ನೋಡುತ್ತ ಕೂತ.

ದೀಪಾವಳಿಯ ಸೂಟಿ ಮುಗಿದ ಮುಂಜಾನೆ ಅವಳು ಒಬ್ಬಳೇ ಬೀರದೇವನನ್ನು ಹುಡುಕಿಕೊಂಡು ನಡೆದಳು. ಕಾಲು ಹಿಡಿದಾದರೂ ಮಕ್ಕಳನ್ನು ನಿಲ್ಲಿಸಬೇಕು. ಅವನು ಹೊರಟೇಹೋಗಿದ್ದರೆ? ಗುರಿಯೂ ಹೋಯಿತು, ಊರೂ ಹೋಯಿತು. ಮೂರನೆಯದನ್ನು ಅವಳು ಎಣಿಸಲಿಲ್ಲ.

ಹಳ್ಳ ದಾಟಿದರೆ ಅಣ್ಣಾರಾಯರ ಸಜ್ಜೆ ಕೊಯ್ದ ಹೊಲದ ತುಂಬ ಕುರಿ! ಕಂಬಳಿ ಹೊದ್ದ ಬೀರದೇವ ಬದುವಿನ ಮೇಲೆ ಕೂತು ಹಾಲು ಕಾಸುತ್ತಿದ್ದ.

"ಬರ್ರಿ ಅಕ್ಕೋರ, ಕುಂದ್ರಿ. ಈ ವರ್ಷ ನಮ್ಮ ಮಂದಿ ಯಾರೂ ಹೊಳಿದಂಡಿಗಿ ಹೋಗೂದಿಲ್ರಿ. ನಿಮ್ಮ ಮಾಸ್ತರ ಏಳು ಹೊಲಾ ಗಟ್ಟಿ ಮಾಡಿ ಕೊಟ್ಟಾರ. ಒಂದೊಂದರಾಗ ಇಷ್ಟಿಷ್ಟ ದಿನಾ ಕುರಿ ಕೂಡಸೂದು. ಅವರ ಹೊಲಕ್ಕ ಗೊಬ್ಬರ, ನನಗ ಕಾಳು, ಕುರಿಗಿ ಮೇವು. ಪರೀಕ್ಷಾ ಮುಗಿಯೂತನಕ ಉಮದಿ ಬಿಟ್ಟು ಕದಲೂದಿಲ್ಲ."

"ಮಾಸ್ತರಾ?"

"ಹೂನ್ರಿ. ಏಳು ಮನಿ ಹತ್ತಿ ಇಳದಾರ. ಬರೇ ಮಾತಾಡಿ ಬರಾಕ ಯಾರು ಬಿಡ್ತಾರ? ಎಲ್ಲಾ ಮನ್ಯಾಗೂ ತಿಂದು ತಿಂದು ಹೊಟ್ಟಿ ಕೆಡಿಸ್ಕೊಂಡಾರ, ಪಾಪ!"

ಸಾವಿತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಿಲ್ಲ. ಕುರಿಗಳು ತಲೆಯೆತ್ತಿ ನೋಡಿದವು.

ಸಾಲೆಗೆ ಬಂದಾಗ ಉಸಿರು ಏರಿತ್ತು. ರೇವಪ್ಪ ಬೋರ್ಡು ಒರೆಸುತ್ತಿದ್ದ.

"ಕನ್ಯಾ ನೋಡಾಕ ಹೊಂಟೀರಿ ಅಂತ ಊರೆಲ್ಲಾ ಅನ್ನಾಕತ್ತಿತ್ರಿ."

"ನಾನಾ?" ಅವನು ಗಾಬರಿಯಿಂದ ತಿರುಗಿದ. "ನೀವೂ ನಂಬಿದ್ರೇನು?"

"ನಂಬಿ ಎರಡು ದಿನಾ ಊಟ ಬಿಟ್ನಿ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಹೊಳೆಯಿತು. ಕೆನ್ನೆ ಬಿಸಿಯಾಯಿತು. ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು.

"ಎರಡು ದಿನಾ?"

"ಒಂದೂವರಿ," ಎಂದು ತಿದ್ದಿ, ಓಡಿಹೋದಳು.

ಚಳಿಗಾಲ ಅಭ್ಯಾಸದಲ್ಲೇ ಕಳೆಯಿತು. ಮುಲ್ಕಿಗೆ ಹದಿನೈದು ಮಂದಿಯೂ ಕೂತರು. ಪರೀಕ್ಷೆಯ ನಿಕಾಲ ಬಂದು ಫಲಿತಾಂಶ ಗೊತ್ತಾದ ದಿನ ಶಿವಯೋಗೆಪ್ಪನವರು ಹೆಸರು ಒಂದೊಂದಾಗಿ ಓದಿದರು. ಚನ್ನವ್ವ ಎಲ್ಲರಿಗಿಂತ ಮುಂದೆ. ಕುರಿಯವರ ಮೂವರೂ ಪಾಸು. ಹದಿನಾಲ್ಕು ಹೆಸರು ಓದಿ ಅವರು ನಿಲ್ಲಿಸಿದರು.

ಹೊಲ ಕೊಟ್ಟ ಅಣ್ಣಾರಾಯರ ಮಗ ಬಾಳಾಸಾಹೇಬ ಭೂಗೋಳದಲ್ಲಿ ಮೂರು ಗುಣದಿಂದ ಬಿದ್ದಿದ್ದ.

ಹದಿನಾಲ್ಕು ಅಂದರೆ ಜತ್ತ ತಾಲೂಕಿಗೇ ದೊಡ್ಡ ಮಾತು. ಕಚೇರಿಯಿಂದ ಶಾಭಾಸ್ ಎಂಬ ಪತ್ರವೂ ಬಂತು. ಅದರ ಬೆನ್ನಿಗೇ ಬದಲಿಯ ಪತ್ರವೂ ಬಂತು. ಬರೆದದ್ದು ಹದಿನೈದು, ಮುಟ್ಟಿದ್ದು ಹದಿನಾಲ್ಕು. ಸಾವಿತ್ರೆವ್ವ ತಿಕೋಂಡಿಗೆ, ರೇವಪ್ಪ ಬಾಲಗಾಂವಕ್ಕೆ.

"ಒಂಬತ್ತ ಬರೆದಿದ್ರ ಇಬ್ಬರೂ ಇಲ್ಲೇ ಇರತಿದ್ವಿ," ಅಂದಳು ಅವಳು. ಬದಲಿಯ ಪತ್ರವನ್ನು ಅವನತ್ತ ಸರಿಸಿದಳು. "ನನ್ನ ಹಟಕ್ಕ ನೀವೂ ಸಿಕ್ಕಿಬಿದ್ರಿ."

"ಒಂಬತ್ತ ಬರೆದಿದ್ರ ಒಂಬತ್ತ ಪಾಸಾಗತಿದ್ರು. ನಾ ಅಣ್ಣಾರಾಯರ ಮನಿ ಮೆಟ್ಟಲಾ ಹತ್ತತಿರಲಿಲ್ಲ. ನೀವು ಊಟಾ ಬಿಡತಿರಲಿಲ್ಲ." ಅವನು ನೆಲ ನೋಡುತ್ತ ಹೇಳಿದ. "ಬದಲಿಗಿ ನಾ ಅಂಜೂದಿಲ್ರಿ. ಎರಡು ಊರು ಕೊಟ್ಟಾರಲ್ಲ, ಅದಕ್ಕ ಅಂಜಾಕತ್ತೀನಿ."

ಶಿವಯೋಗೆಪ್ಪನವರು ಮೇಲುಹೊದಿಕೆ ಹೆಗಲಿಗೆ ಹಾಕಿಕೊಂಡು ಎದ್ದರು. "ಗಂಡಾ ಹೆಂಡತಿ ಇಬ್ಬರೂ ಮಾಸ್ತರಿಕಿ ಮಾಡವರಿದ್ರ, ಅರ್ಜಿ ಕೊಟ್ರ ಒಂದ ಊರಾಗ ಇಡ್ತಾರಂತ ಕೇಳೀನಿ. ನನಗ ಹೊರಗ ಭಾಳ ಕೆಲಸ ಐತಪಾ." ಹೊರಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಸುಮ್ಮನೆ ಕೂತರು.

ಒಳಗೆ ಇಬ್ಬರೇ ಉಳಿದರು. ಸಾವಿತ್ರೆವ್ವ ಕಾಗದ ಎಳೆದುಕೊಂಡು ಅರ್ಜಿ ಬರೆಯತೊಡಗಿದಳು. ರೇವಪ್ಪ ಕುತ್ತಿಗೆ ಚಾಚಿ ಓದಿದ: ನಮ್ಮಿಬ್ಬರ ವಿವಾಹ ನಿಶ್ಚಯವಾಗಿದೆ.

"ಯಾವಾಗ ನಿಶ್ಚಯ ಆತ್ರಿ?"

"ಈಗ. ನಿಮಗ ಬ್ಯಾಡಾಗಿದ್ರ ಹೇಳ್ರಿ, ಹರೀತೀನಿ."

"ಹರೀಬ್ಯಾಡ್ರಿ!" ಕೂಗಿಯೇಬಿಟ್ಟ. ಹೊರಗೆ ಕಟ್ಟೆಯ ಮೇಲಿನಿಂದ ನಗು ಕೇಳಿಸಿತು.

"ಹಂಗಾದ್ರ ಚಿಗವ್ವಗ ನಾ ಹೇಳ್ತೀನಿ. ನಿಮ್ಮವ್ವಗ ನೀವು ಹೇಳ್ರಿ. ಲಗೂನ ಹೋಗ್ರಿ, ಬಿಸಲ ಏರ್ತದ."

ಅವನು ಹೋದ. ಎಷ್ಟು ಲಗುಬಗೆಯಿಂದ ಹೋದನೆಂದರೆ, ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಯೂ ನೆನಪಾಗಲಿಲ್ಲ. ಕಾದ ಅಂಗಳದಲ್ಲಿ ಬರಿಗಾಲಲ್ಲಿ ಜಿಗಿಯುತ್ತ ಹೋಗುವವನನ್ನು ಸಾವಿತ್ರೆವ್ವ ಬಾಗಿಲಲ್ಲಿ ನಿಂತು ನೋಡಿದಳು. ಕೂಗಿ ಕರೆಯಲಿಲ್ಲ. ಬಗ್ಗಿ, ಬಿಸಿಲಲ್ಲಿದ್ದ ಆ ಚಪ್ಪಲಿಗಳನ್ನು ಎತ್ತಿ ನೆರಳಿಗಿಟ್ಟಳು.